ಒಂದು ದಿನದ ಪ್ರವಾಸ, ಒಂದು ಕೆಂಪು ಕಲ್ಲು

ಶ್ರಾವಕನಿಗೆ ಪ್ರಯಾಣ ಹೊಸದಲ್ಲ. ಶ್ರವಣಬೆಳ್ಗೊಳ, ಕಾರ್ಕಳ, ವೇಣೂರು, ಹುಂಬುಜಗಳಿಂದ ತೊಡಗಿ ಸಮ್ಮೇದಶಿಖರ, ಪಾವಾಪುರಿ, ಗಿರನಾರ್‌ಗಳವರೆಗೆ ಅವನ ಹೆಜ್ಜೆಗಳು ತಲೆತಲಾಂತರದಿಂದ ನಡೆದು ಬಂದಿವೆ. ಆದರೆ ಯಾತ್ರೆಗೆ ಹೊರಡುವವನು ತನ್ನ ವ್ರತನಿಯಮಗಳನ್ನು ಜೊತೆಯಲ್ಲಿ ಒಯ್ಯುತ್ತಾನೆ. ಪ್ರವಾಸಕ್ಕೆ ಹೊರಡುವವನು ಅನೇಕ ವೇಳೆ ಅವುಗಳನ್ನು ಮನೆಯ ಹೊಸ್ತಿಲಲ್ಲೇ ಇಳಿಸಿ ಹೋಗುತ್ತಾನೆ. ಕ್ಷೇತ್ರದಲ್ಲಿ ಪಾದರಕ್ಷೆ ಕಳಚಿ, ನೆಲವನ್ನು ನೋಡಿಕೊಂಡು ಮೆಲ್ಲನೆ ನಡೆಯುವ ಸಜ್ಜನನೇ ವಿಹಾರಸ್ಥಳದಲ್ಲಿ ಹಸುರನ್ನು ತುಳಿಯಲು, ಹೂವನ್ನು ಕೀಳಲು ಹಿಂದೆಮುಂದೆ ನೋಡುವುದಿಲ್ಲ. ಈ ಅಂತರವನ್ನು 2024ರ ಜೂನ್ ತಿಂಗಳ ಒಂದು ದಿನ, ದೂರದ ಐಸ್‌ಲ್ಯಾಂಡ್ ದ್ವೀಪದಲ್ಲಿ, ಸ್ವಂತ ಅನುಭವದಿಂದಲೇ ಅರಿತುಕೊಂಡ ಹಿರಿಯರೊಬ್ಬರ ವೃತ್ತಾಂತವಿದು.

ಅವರು ತುಳುನಾಡಿನ ಒಂದು ಹಳೆಯ ಬಸದಿಯ ಟ್ರಸ್ಟಿನ ಕೋಶಾಧಿಕಾರಿ. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಹುಂಡಿಯ ಹಣವನ್ನು ಇಬ್ಬರ ಸಮ್ಮುಖದಲ್ಲಲ್ಲದೆ ಎಣಿಸಿದವರಲ್ಲ, ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಪಡೆದವರಲ್ಲ. ಅವರ ಮನಸ್ಸಿನಲ್ಲಿ ಆ ದಿನಗಳಲ್ಲಿ ಒಂದೇ ಚಿಂತೆ: ಬಸದಿಯ ಮಾಡು ಸೋರುತ್ತಿತ್ತು. ಜೀರ್ಣೋದ್ಧಾರಕ್ಕೆ ಹಣವಿರಲಿಲ್ಲ. ಬಸದಿಯ ಹಿಂದೆ ಟ್ರಸ್ಟಿಗೆ ಸೇರಿದ ಮುರಕಲ್ಲಿನ ಗುಡ್ಡವೊಂದಿದೆ. ಅದನ್ನು ಕಲ್ಲುಕೋರೆಗಾಗಿ ಐದು ವರ್ಷಗಳ ಗುತ್ತಿಗೆಗೆ ಪಡೆಯಲು ಒಬ್ಬರು ಮುಂದೆ ಬಂದಿದ್ದರು. ಬರುವ ಹಣದಲ್ಲಿ ಮಾಡಷ್ಟೇ ಅಲ್ಲ, ಪ್ರಾಕಾರದ ಗೋಡೆಯೂ ಎದ್ದು ನಿಲ್ಲುತ್ತಿತ್ತು. ಗುಡ್ಡದ ಬುಡದಲ್ಲಿ ಬೇಸಗೆಯಲ್ಲೂ ಬತ್ತದ ಒರತೆಯೊಂದಿದೆ. ಅಭಿಷೇಕದ ನೀರು ಅಲ್ಲಿಂದಲೇ ಬರುತ್ತದೆ. ಮಳೆಗಾಲದ ನೀರನ್ನು ಮುರಕಲ್ಲು ತನ್ನ ರಂಧ್ರಗಳಲ್ಲಿ ಇಂಗಿಸಿಕೊಂಡು ವರ್ಷವಿಡೀ ಮೆಲ್ಲನೆ ಬಿಟ್ಟುಕೊಡುವುದರಿಂದಲೇ ಆ ಒರತೆ ಬದುಕಿದೆ ಎಂಬುದನ್ನು ಅವರು ಅರಿಯದವರಲ್ಲ. ಆದರೂ ದೇವರ ಮನೆಯೇ ಸೋರುತ್ತಿರುವಾಗ ಗುಡ್ಡವನ್ನು ಉಳಿಸಿಕೊಂಡು ಮಾಡುವುದೇನು ಎಂದು ಅವರು ತಮ್ಮನ್ನು ಒಪ್ಪಿಸಿಕೊಂಡಿದ್ದರು. ಕರಾರಿನ ಕರಡುಪ್ರತಿ ಅವರ ಕೈಚೀಲದಲ್ಲಿಯೇ ಇತ್ತು. ಊರಿಗೆ ಮರಳಿದ ಕೂಡಲೇ ಸಭೆ, ಸಭೆಯಲ್ಲಿ ಸಹಿ ಎಂಬುದು ನಿಶ್ಚಯವಾಗಿತ್ತು.

ಲಂಡನ್ನಿನಲ್ಲಿ ನೆಲೆಸಿರುವ ಮಗಳು ತಂದೆತಾಯಿಯರನ್ನು ಕರೆಸಿಕೊಂಡು, ಬೇಸಗೆಯ ರಜೆಯಲ್ಲಿ ನಾಲ್ಕು ದಿನಗಳ ಮಟ್ಟಿಗೆ ಐಸ್‌ಲ್ಯಾಂಡಿಗೆ ಕರೆದೊಯ್ದಳು. ಅಟ್ಲಾಂಟಿಕ್ ಸಾಗರದ ನಡುವೆ ನೀರಿನಡಿಯಲ್ಲಿ ಹಾದುಹೋಗುವ ಪರ್ವತಶ್ರೇಣಿಯ ಮೇಲೆ ಈ ದ್ವೀಪವಿದೆ. ಉತ್ತರ ಅಮೆರಿಕದ ಭೂಫಲಕವೂ ಯುರೇಷಿಯದ ಭೂಫಲಕವೂ ಇಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟು ಪರಸ್ಪರ ದೂರ ಸರಿಯುತ್ತವೆ. ಆ ಬಿರುಕುಗಳಿಂದ ಶಿಲಾರಸ ಮೇಲೇರುತ್ತದೆ. 2023ರ ನವೆಂಬರಿನಲ್ಲಿ ಗ್ರಿಂಡಾವಿಕ್ ಎಂಬ ಇಡೀ ಊರನ್ನೇ ತೆರವು ಮಾಡಬೇಕಾಯಿತು. ಅದೇ ಉಷ್ಣವನ್ನು ಜನರು ಉಪಕಾರಕ್ಕೂ ಬಳಸಿಕೊಂಡಿದ್ದಾರೆ. ಅಲ್ಲಿನ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತನ್ನು ನೆಲದೊಳಗಿನ ಬಿಸಿನೀರೇ ಚಳಿಗಾಲದಲ್ಲಿ ಬೆಚ್ಚಗಿಡುತ್ತದೆ.

ಜೂನ್ ತಿಂಗಳಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಸೂರ್ಯ ಮುಳುಗುವುದು ಮಧ್ಯರಾತ್ರಿಯ ಹೊತ್ತಿಗೆ. ಹಿರಿಯರ ಪತ್ನಿ ನಲವತ್ತು ವರ್ಷಗಳಿಂದ ರಾತ್ರಿಭೋಜನವನ್ನು ತ್ಯಜಿಸಿದವರು. ಮೊಮ್ಮಗನಿಗೆ ಇದೊಂದು ಸೋಜಿಗದ ಲೆಕ್ಕವಾಗಿ ಕಂಡಿತು. “ಅಜ್ಜೀ, ಇಲ್ಲಿ ನೀವು ಹನ್ನೊಂದು ಗಂಟೆಗೂ ಊಟ ಮಾಡಬಹುದು. ಇನ್ನೂ ಹಗಲೇ ಅಲ್ಲವೇ?” ಎಂದು ಕೇಳಿದ. ಆಕೆ ನಕ್ಕು, “ನಿಯಮ ಹಾಕಿಕೊಂಡದ್ದು ನನ್ನ ಬಾಯಿಗೆ ಮಗಾ, ಸೂರ್ಯನಿಗಲ್ಲ” ಎಂದು ಹೇಳಿ, ಊರಿನಲ್ಲಿ ಮಾಡುವಂತೆಯೇ ಆರು ಗಂಟೆಗೆ ಊಟ ಮುಗಿಸಿದರು. ನಿಯಮದ ಅಕ್ಷರವು ತಾನಾಗಿ ಸಡಿಲವಾದ ಕಡೆಯಲ್ಲೂ ಅದರ ಆಶಯವನ್ನು ಬಿಗಿಯಾಗಿ ಹಿಡಿಯುವ ಈ ಸರಳತೆ ಮುಂದಿನ ದಿನದ ಘಟನೆಗೆ ಮುನ್ನುಡಿಯಂತಿತ್ತು.

ಮರುದಿನ ಬೆಳಗ್ಗೆ ಚಪಾತಿ, ಒಣಚಟ್ನಿ, ಕಲಸಿದ ಅವಲಕ್ಕಿಗಳ ಬುತ್ತಿಯನ್ನು ಕಟ್ಟಿಕೊಂಡು ಅವರೆಲ್ಲರೂ ಒಂದು ಚಿಕ್ಕ ಬಸ್ಸನ್ನೇರಿದರು. ಮಾರ್ಗದರ್ಶಿಯಾಗಿದ್ದವಳು ಆ ನಾಡಿನವಳೇ ಆದ ನಡುವಯಸ್ಸಿನ ಮಹಿಳೆ, ಮೃದುವಾಗಿ ಮಾತನಾಡುವವಳು. ಹೊರಡುವಾಗಲೇ ಆಕೆ ಒಂದು ವಿನಂತಿಯನ್ನು ಮಾಡಿದಳು: ಗುರುತಿಸಿದ ದಾರಿಯನ್ನೂ ಕಟ್ಟಿದ ಹಗ್ಗವನ್ನೂ ಯಾರೂ ದಾಟಬಾರದು. ದಾರಿಯ ಇಕ್ಕೆಲಗಳಲ್ಲಿ ಕಪ್ಪು ಲಾವಾಶಿಲೆಯ ಮೇಲೆ ಬೂದುಹಸುರು ಬಣ್ಣದ ಪಾಚಿ ಮೆತ್ತನೆಯ ಹಾಸಿನಂತೆ ಹಬ್ಬಿತ್ತು. ಆರಿದ ಬೆಂಕಿಯ ಮೇಲೆ ಮೊದಲು ಕಾಲೂರುವ ಜೀವಗಳಲ್ಲಿ ಅದೂ ಒಂದು. ಒಂದು ಹೆಜ್ಜೆಯ ಗುರುತು ಮಾಯಲು ಅದಕ್ಕೆ ದಶಕಗಳೇ ಬೇಕಾಗಬಹುದೆಂದು ಆಕೆ ತಿಳಿಸಿದಳು.

ಮೊದಲ ನಿಲುಗಡೆ ಥಿಂಗ್‌ವೆಲ್ಲಿರ್. ಭೂಮಿ ಬಿರಿದು ಎರಡು ಗೋಡೆಗಳಂತೆ ನಿಂತಿರುವ ಕಮರಿ. ಅದರ ಮಗ್ಗುಲಲ್ಲಿ ಒಂದು ಜಲಪಾತ. ಕ್ರಿ.ಶ. 930ರಲ್ಲಿ ದ್ವೀಪದ ಜನರು ತಮ್ಮ ಮಹಾಸಭೆಯನ್ನು ಸ್ಥಾಪಿಸಿದ್ದು ಇಲ್ಲಿಯೇ. ಗ್ರಂಥಗಳಿಲ್ಲದ ಆ ಕಾಲದಲ್ಲಿ ಧರ್ಮವಾಚಕನೊಬ್ಬನು ಇಡೀ ಕಾನೂನನ್ನು ಕಂಠಸ್ಥ ಮಾಡಿಕೊಂಡು, ವರ್ಷಕ್ಕೆ ಮೂರರಲ್ಲಿ ಒಂದು ಪಾಲಿನಂತೆ ಬಂಡೆಯ ಬಳಿ ನಿಂತು ಜನರಿಗೆ ಹೇಳುತ್ತಿದ್ದನಂತೆ. ಶ್ರುತಪರಂಪರೆಯನ್ನು ಬಲ್ಲ ಹಿರಿಯರಿಗೆ ಇದು ಆಪ್ಯಾಯಮಾನವಾಯಿತು. ಅದಕ್ಕಿಂತಲೂ ಅವರ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ. ಕ್ರಿ.ಶ. 1000ದ ಸುಮಾರಿಗೆ ಹಳೆಯ ದೇವತೆಗಳನ್ನು ನಂಬಿದವರಿಗೂ ಕ್ರೈಸ್ತರಿಗೂ ಕಲಹ ಬಲಿತಾಗ, ತೀರ್ಪಿನ ಹೊಣೆಯನ್ನು ಥೋರ್ಗೇರ್ ಎಂಬ ಧರ್ಮವಾಚಕನಿಗೆ ವಹಿಸಿದರು. ಆತ ಹಳೆಯ ಮತದವನು. ಕಂಬಳಿಯನ್ನು ಹೊದ್ದು ಒಂದು ಹಗಲು ಒಂದು ರಾತ್ರಿ ಮಾತಿಲ್ಲದೆ ಮಲಗಿದ್ದು, ಬಳಿಕ ಎದ್ದು, ಎಲ್ಲರೂ ಒಂದೇ ಕಾನೂನಿನಡಿ ಹೊಸ ಮತವನ್ನು ಒಪ್ಪಬೇಕೆಂದು ತನ್ನ ಪಕ್ಷಕ್ಕೇ ವಿರುದ್ಧವಾಗಿ ಸಾರಿದನು. “ಸಹಿ ಹಾಕುವ ಮುಂಚೆ ಒಂದು ದಿನದ ಮೌನ!” ಎಂದು ಹಿರಿಯರು ತಮಗೆ ತಾವೇ ಹೇಳಿಕೊಂಡರು. ಪತ್ನಿ ಅವರ ಮುಖವನ್ನೊಮ್ಮೆ ನೋಡಿದರು, ಏನನ್ನೂ ಕೇಳಲಿಲ್ಲ.

ಸಭೆಗೆ ಸಮೀಪದಲ್ಲೇ ಒಂದು ಮಡುವಿದೆ. 17 ಮತ್ತು 18ನೆಯ ಶತಮಾನಗಳಲ್ಲಿ ಹದಿನೆಂಟು ಸ್ತ್ರೀಯರನ್ನು ಅಲ್ಲಿ ಮುಳುಗಿಸಿ ಕೊಂದರೆಂದು ದಾಖಲೆಗಳಿವೆ. ಕಾನೂನು ಇದ್ದಮಾತ್ರಕ್ಕೆ ಕರುಣೆ ಇರುತ್ತದೆಂದಲ್ಲ. ಎಲ್ಲರೂ ಕ್ಷಣಕಾಲ ಮೌನವಾಗಿ ನಿಂತು ಮುಂದೆ ನಡೆದರು.

ಅಲ್ಲಿಂದ ಅನತಿದೂರದಲ್ಲಿ ಸ್ಫಟಿಕದಂತಹ ನೀರು ತುಂಬಿದ ಒಂದು ಬಿರುಕು. 1907ರಲ್ಲಿ ಅದರ ಮೇಲೆ ಸೇತುವೆ ಕಟ್ಟಿದ ಮೇಲೆ ಬಂದವರೆಲ್ಲ ಹರಕೆಯಂತೆ ನಾಣ್ಯಗಳನ್ನೆಸೆದು, ಅದಕ್ಕೆ ನಾಣ್ಯದ ಬಿರುಕೆಂದೇ ಹೆಸರಾಗಿದೆ. ಮೊಮ್ಮಗನೂ ಜೇಬಿಗೆ ಕೈಹಾಕಿದ. ಮಾರ್ಗದರ್ಶಿ ಬೇಡವೆಂದು ತಲೆಯಾಡಿಸಿದಳು; ಲೋಹ ಕರಗಿ ನೀರು ಕೆಡುತ್ತದೆ ಎಂದಳು. ಹಿರಿಯರೊಳಗಿನ ಉಪಾಧ್ಯಾಯರು ಆಗ ಎಚ್ಚರಗೊಂಡರು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಮಾದಚರ್ಯೆಯನ್ನು ಹೇಳಿದ್ದಾರೆಂದೂ, ಪ್ರಯೋಜನವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡವನ್ನು ಮುರಿಯುವುದು, ಸುಮ್ಮನೆ ಅಲೆಯುವುದು ಇವೆಲ್ಲ ಅದರಲ್ಲಿ ಸೇರುತ್ತವೆಂದೂ ಮೊಮ್ಮಗನಿಗೆ ಬೋಧಿಸಿದರು. ಹುಡುಗ ಶ್ರದ್ಧೆಯಿಂದ ಕೇಳಿ ನಾಣ್ಯವನ್ನು ಜೇಬಿಗೆ ಸೇರಿಸಿದ. ಪಾಠ ಹೇಳಿದ ತೃಪ್ತಿ ಹಿರಿಯರ ಮುಖದಲ್ಲಿತ್ತು.

ಮಧ್ಯಾಹ್ನಕ್ಕೆ ಮುನ್ನ ಲೌಗರ್‌ವಾಟ್ನ್ ಎಂಬ ಸರೋವರದ ದಡ. ಅಲ್ಲಿನ ಬಿಸಿಮರಳಿನಲ್ಲಿ ಹಿಟ್ಟಿನ ಪಾತ್ರೆಯನ್ನು ಹೂತು, ಒಂದು ದಿನ ಕಳೆದ ಮೇಲೆ ತೆಗೆದರೆ ರೊಟ್ಟಿ ಸಿದ್ಧವಾಗಿರುತ್ತದೆ. ಕಟ್ಟಿಗೆಯಿಲ್ಲ, ಹೊಗೆಯಿಲ್ಲ. ದಂಪತಿಗಳು ರೊಟ್ಟಿಯನ್ನು ಮುಟ್ಟದೆ ನೋಡಿ ಸಂತೋಷಪಟ್ಟು ತಮ್ಮ ಬುತ್ತಿಯನ್ನು ಬಿಚ್ಚಿದರು.

ಮುಂದೆ ಹೌಕಾದಲುರ್ ಕಣಿವೆಯ ಬಿಸಿನೀರಿನ ಬುಗ್ಗೆಗಳು. ಗಾಳಿಯಲ್ಲಿ ಗಂಧಕದ ವಾಸನೆ. ನೆಲದಲ್ಲಿ ಅಲ್ಲಲ್ಲಿ ಕುದಿಯುವ ಸದ್ದು. ಮಳೆಯ ನೀರು ಆಳಕ್ಕಿಳಿದು ಬಿಸಿಬಂಡೆಗಳ ನಡುವೆ ಕಾಯುತ್ತದೆ. ಮೇಲಿನ ನೀರಿನ ಭಾರದಿಂದಾಗಿ ನೂರು ಡಿಗ್ರಿಯನ್ನು ಮೀರಿದರೂ ಕುದಿಯಲಾರದೆ ತಡೆದುಕೊಳ್ಳುತ್ತದೆ. ಕೊನೆಗೆ ಎಲ್ಲೋ ಒಂದು ಕಡೆ ಹಬೆಯ ಗುಳ್ಳೆಯೆದ್ದು ಭಾರ ಸಡಿಲವಾದೊಡನೆ ಇಡೀ ಕಂಬವೇ ಹಬೆಯಾಗಿ ಮೇಲಕ್ಕೆ ನುಗ್ಗುತ್ತದೆ. ಸ್ಟ್ರೊಕ್ಕುರ್ ಎಂಬ ಬುಗ್ಗೆ ಕೆಲವೇ ನಿಮಿಷಗಳಿಗೊಮ್ಮೆ ಹೀಗೆ ಚಿಮ್ಮುತ್ತದೆ. ಸಾಮಾನ್ಯವಾಗಿ 15ರಿಂದ 20 ಮೀಟರಿನವರೆಗೆ. ಅದರ ಪಕ್ಕದ ಮಹಾಬುಗ್ಗೆ ಗೇಸಿರ್ ಈಗ ಬಹುಪಾಲು ಶಾಂತವಾಗಿದೆ. ಜಗತ್ತಿನ ಇಂತಹ ಬುಗ್ಗೆಗಳಿಗೆಲ್ಲ ಇಂಗ್ಲಿಷಿನಲ್ಲಿ ಹೆಸರು ಬಂದದ್ದು ಅದರಿಂದಲೇ.

ಗೇಸಿರ್‌ನ ಕಥೆಯಲ್ಲಿ ಮನುಷ್ಯನ ಎರಡು ಮುಖಗಳೂ ಇವೆ. 1894ರಲ್ಲಿ ಆ ಭೂಮಿಯನ್ನು ಜೇಮ್ಸ್ ಕ್ರೇಗ್ ಎಂಬ ವಿದೇಶಿಯನು ಕೊಂಡು, ಬೇಲಿ ಹಾಕಿ, ನೋಡಲು ಶುಲ್ಕವಿಟ್ಟನು. ಆತ ಮುಂದೆ ಉತ್ತರ ಐರ್ಲೆಂಡಿನ ಪ್ರಧಾನಿಯಾದವನು. 1935ರಲ್ಲಿ ಸಿಗುರ್ದುರ್ ಯೋನಾಸನ್ ಎಂಬ ಅಲ್ಲಿನವನು ತನ್ನ ಹಣದಿಂದ ಆ ಭೂಮಿಯನ್ನು ಕೊಂಡು ದೇಶದ ಜನರಿಗೆ ದಾನವಾಗಿ ಒಪ್ಪಿಸಿದನು. ಆದರೆ ಅದೇ 1935ರಲ್ಲಿ ಸುಮ್ಮನಾಗಿದ್ದ ಬುಗ್ಗೆಯನ್ನು ಎಬ್ಬಿಸಲು ಅದರ ಅಂಚನ್ನು ಕಡಿದು ಕಾಲುವೆ ತೋಡಿದರು. ಅತಿಥಿಗಳು ಬಂದಾಗ, ಉತ್ಸವಗಳಾದಾಗ ಅದರ ಬಾಯಿಗೆ ಸಾಬೂನು ಸುರಿದು ಬಲವಂತವಾಗಿ ಚಿಮ್ಮಿಸುವ ಪದ್ಧತಿಯೂ ಬಹುಕಾಲ ನಡೆಯಿತು. ಅದರಿಂದಾಗುವ ಕೇಡನ್ನು ಕಂಡುಕೊಂಡ ಮೇಲೆ ಅದನ್ನು ನಿಲ್ಲಿಸಿದರು. 2020ರಲ್ಲಿ ಆ ಪ್ರದೇಶ ಸಂರಕ್ಷಿತವೆಂದು ಘೋಷಿತವಾಯಿತು. ಮಲಗಿದ್ದುದನ್ನು ನಮ್ಮ ಕಣ್ಣಿನ ಚಪಲಕ್ಕಾಗಿ ಎಬ್ಬಿಸುವುದು ಎಂತಹ ಆತಿಥ್ಯವೋ!

ಹಬೆಯಾಡುವ ಕೊಳವೊಂದರ ಬಳಿ ನಿಂತು ಪತ್ನಿ ಒಂದು ಪ್ರಶ್ನೆಯನ್ನು ಕೇಳಿದರು: “ನಾವು ನೀರನ್ನು ಸೋಸಿ, ಕಾಯಿಸಿ ಪ್ರಾಸುಕ ಮಾಡಿಕೊಳ್ಳುತ್ತೇವೆ. ಭೂಮಿಯೇ ಕುದಿಸಿದ ಈ ನೀರು ಪ್ರಾಸುಕವೇ?” ಹಿರಿಯರು ಯೋಚಿಸಿ ಉತ್ತರಿಸಿದರು. ಸಮ್ಮೇದಶಿಖರದ ಯಾತ್ರೆಗೆ ಹೋದಾಗ ಇಬ್ಬರೂ ರಾಜಗೃಹದ ವೈಭಾರಗಿರಿಯ ತಪ್ಪಲಿನ ಬಿಸಿನೀರಿನ ಕುಂಡಗಳನ್ನು ಕಂಡಿದ್ದರು. ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿ ಆ ಗಿರಿಯ ಬಿಸಿಬುಗ್ಗೆಯ ಪ್ರಸ್ತಾಪವಿದೆ. ಉಷ್ಣಯೋನಿಯ ಜೀವಗಳು ಅಲ್ಲಿ ಜಲರೂಪದಲ್ಲಿ ಹುಟ್ಟುತ್ತವೆಂದು ಭಗವಾನ್ ಮಹಾವೀರರು ತಿಳಿಸಿದರೆಂದು ಅದು ಹೇಳುತ್ತದೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವೂ ಯೋನಿಭೇದಗಳಲ್ಲಿ ಶೀತ, ಉಷ್ಣ, ಮಿಶ್ರಗಳನ್ನು ಎಣಿಸುತ್ತದೆ. ಆದುದರಿಂದ ಬಿಸಿಯಾದ ಮಾತ್ರಕ್ಕೆ ನಿರ್ಜೀವವೆಂದು ಹೇಳಲಾಗದು ಎಂಬುದು ಅವರ ಉತ್ತರ. ಜೀವಶಾಸ್ತ್ರವನ್ನು ಓದಿದ್ದ ಮಗಳು ಇನ್ನೊಂದು ಮಾತನ್ನು ಸೇರಿಸಿದಳು. ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಗಳಲ್ಲಿ ಬದುಕುವ ಒಂದು ಸೂಕ್ಷ್ಮಾಣುಜೀವಿಯನ್ನು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಎಂಬವರು 1969ರಲ್ಲಿ ವಿವರಿಸಿದರು. ಅದರಿಂದ ದೊರೆತ ಕಿಣ್ವವೇ ಮುಂದೆ ಕೋವಿಡ್ ಕಾಲದ ಪಿಸಿಆರ್ ಪರೀಕ್ಷೆಗಳಿಗೆ ಆಧಾರವಾಯಿತು. ಅದೇ ಕುಲದ ಜೀವಿಗಳು ಐಸ್‌ಲ್ಯಾಂಡಿನ ಬುಗ್ಗೆಗಳಲ್ಲೂ ಇವೆ ಎಂದಳು. ಆಗಮದ ಮಾತೂ ಪ್ರಯೋಗಶಾಲೆಯ ಮಾತೂ ಒಂದೇ ಅರ್ಥದವೆಂದು ಹೇಳಲು ಹಿರಿಯರು ಮುಂದಾಗಲಿಲ್ಲ. ಎರಡರಿಂದಲೂ ದೊರೆಯುವ ಎಚ್ಚರಿಕೆ ಮಾತ್ರ ಒಂದೇ ಎಂದರು: ಕಣ್ಣಿಗೆ ಬರಿದಾಗಿ ಕಂಡದ್ದು ಬರಿದೇ ಆಗಿರಬೇಕಾಗಿಲ್ಲ.

ಅಲ್ಲಿಂದ ಹತ್ತು ನಿಮಿಷದ ದಾರಿ ಗುಲ್‌ಫಾಸ್‌ಗೆ. ಚಿನ್ನದ ಜಲಪಾತವೆಂದು ಆ ಹೆಸರಿನ ಅರ್ಥ. ಹಿಮನದಿಯಿಂದ ಹೊರಟ ಹ್ವಿಟಾ ನದಿ ಮೊದಲು 11 ಮೀಟರ್, ಬಳಿಕ 21 ಮೀಟರ್ ಧುಮುಕಿ ಕಿರಿದಾದ ಕಂದರದೊಳಗೆ ಮಾಯವಾಗುತ್ತದೆ. ಹನಿಗಳ ತೆರೆಯಲ್ಲಿ ಕಾಮನಬಿಲ್ಲು ನಿಂತಿತ್ತು. ದಾರಿಯ ಬದಿಯಲ್ಲಿ ಒಬ್ಬ ಸ್ತ್ರೀಯ ಮುಖವನ್ನು ಕೆತ್ತಿದ ಸ್ಮಾರಕ. ಮಾರ್ಗದರ್ಶಿ ಆಕೆಯ ಕಥೆಯನ್ನು ಹೇಳಿದಳು.

ಸಿಗ್ರಿದುರ್ ತೋಮಸ್‌ದೊತ್ತಿರ್ (1871–1957) ಸಮೀಪದ ಬ್ರಾಟ್‌ಹೋಲ್ಟ್ ಎಂಬ ಬೇಸಾಯದ ಮನೆಯ ಮಗಳು. ಶಾಲೆಯನ್ನು ಹೆಚ್ಚು ಕಂಡವಳಲ್ಲ. ಸೋದರಿಯರೊಡನೆ ಸೇರಿ ಜಲಪಾತಕ್ಕೆ ಮೊದಲ ಕಾಲುದಾರಿಯನ್ನು ಮಾಡಿ, ಬಂದವರಿಗೆ ದಾರಿ ತೋರುತ್ತಿದ್ದಳು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿದ್ಯುತ್ ಉತ್ಪಾದನೆಗಾಗಿ ಜಲಪಾತವನ್ನು ಗುತ್ತಿಗೆಗೆ ಕೊಡುವ ಕರಾರಾಯಿತು. ಗುತ್ತಿಗೆ ಎಂಬ ಪದ ಕಿವಿಗೆ ಬಿದ್ದಾಗ ಹಿರಿಯರು ತಿರುಗಿ ನೋಡಿದರು. ಕರಾರನ್ನು ರದ್ದುಪಡಿಸಬೇಕೆಂದು ಆಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ರೇಕ್ಯಾವಿಕ್‌ಗೆ ಮತ್ತೆಮತ್ತೆ ಹೋಗಿ ಬಂದಳು, ನ್ಯಾಯಾಲಯದ ಮೆಟ್ಟಿಲೇರಿದಳು, ಕೆಲಸ ಆರಂಭವಾದರೆ ಜಲಪಾತಕ್ಕೇ ಹಾರುವೆನೆಂದಳು. ಆಕೆಯ ಪರವಾಗಿ ವಾದಿಸಿದ ಸ್ವೇನ್ ಬ್ಯೋರ್ನ್‌ಸನ್ 1944ರಲ್ಲಿ ದೇಶದ ಮೊದಲ ರಾಷ್ಟ್ರಾಧ್ಯಕ್ಷನಾದನು. ಆದರೂ ಆಕೆ ಮೊಕದ್ದಮೆಯನ್ನು ಗೆಲ್ಲಲಿಲ್ಲ. ಗುತ್ತಿಗೆಯ ಹಣ ಸಂದಾಯವಾಗದೆ 1929ರಲ್ಲಿ ಕರಾರು ತಾನಾಗಿಯೇ ಮುರಿದುಬಿತ್ತು. 1979ರಲ್ಲಿ ಜಲಪಾತ ಸಂರಕ್ಷಿತ ಪ್ರದೇಶವಾಯಿತು. ಆಕೆ ಸೋತರೂ ಆ ಸೋಲಿನ ವರ್ಷಗಳಲ್ಲಿ ಕಾಲ ಹರಣವಾಯಿತು. ಆ ಕಾಲವೇ ಜಲಪಾತವನ್ನು ಉಳಿಸಿತು. ಹಿರಿಯರು ಆ ಶಿಲೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಕೈಚೀಲದೊಳಗಿನ ಕಾಗದ ಅವರಿಗೆ ಭಾರವಾಗಿರಬೇಕು. ಆದರೂ ಮನಸ್ಸು ಇನ್ನೂ ವಾದಿಸುತ್ತಿತ್ತು: ಇದು ಜಗತ್ಪ್ರಸಿದ್ಧ ಜಲಪಾತ, ನಮ್ಮದು ಯಾರೂ ಅರಿಯದ ಒಂದು ಮುರಕಲ್ಲಿನ ಗುಡ್ಡ.

ಕೊನೆಯ ನಿಲುಗಡೆ ಕೆರಿತ್ ಎಂಬ ಜ್ವಾಲಾಮುಖಿಯ ಕುಳಿ. ಹೆಸರನ್ನು ಕೇಳಿ ಮೊಮ್ಮಗ “ಕೆರೆ!” ಎಂದು ನಕ್ಕ. ಅಡಿಯಲ್ಲಿ ನಿಜಕ್ಕೂ ಹಸುರುನೀಲಿಯ ಕೆರೆಯೊಂದಿತ್ತು. ಸುಮಾರು 6,500 ವರ್ಷಗಳ ಹಿಂದೆ ಒಳಗಿನ ಶಿಲಾರಸವೆಲ್ಲ ಬರಿದಾದ ಬಳಿಕ ಮೇಲಿನ ಬೆಟ್ಟ ಕುಸಿದು ಈ ಕುಳಿಯಾಯಿತೆಂದು ಭೂವಿಜ್ಞಾನಿಗಳು ತಿಳಿಸುತ್ತಾರೆ. ಅದರ ಇಳಿಜಾರುಗಳು ಕೆಂಪು, ಕಲ್ಲಿನಲ್ಲಿ ರಂಧ್ರಗಳು. ಬೆಂಕಿಯಿಂದ ಹುಟ್ಟಿದ ಆ ಕಲ್ಲಿಗೂ ಮಳೆಬಿಸಿಲುಗಳಲ್ಲಿ ಯುಗಯುಗಾಂತರ ಮಾಗಿದ ಮುರಕಲ್ಲಿಗೂ ಹುಟ್ಟು ಬೇರೆ. ಕಬ್ಬಿಣದ ಅಂಶ ಕೊಟ್ಟ ಬಣ್ಣ ಮಾತ್ರ ಒಂದೇ. ಹಿರಿಯರಿಗೆ ತಟಕ್ಕನೆ ಬಸದಿಯ ಹಿಂದಿನ ಗುಡ್ಡವೇ ಕಣ್ಣೆದುರು ನಿಂತಂತಾಯಿತು. ಯಾವ ಕೆಟ್ಟ ಆಲೋಚನೆಯೂ ಇಲ್ಲದೆ, ಕೇವಲ ಮಮತೆಯಿಂದ, ದಾರಿಯಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಲಿಂಬೆಹಣ್ಣಿನ ಗಾತ್ರದ ಒಂದು ಕಲ್ಲನ್ನೆತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು.

ಬಸ್ಸಿನ ಬಳಿ ಮಾರ್ಗದರ್ಶಿ ಅವರ ಹತ್ತಿರ ಬಂದಳು. ಗದರಲಿಲ್ಲ, ಇತರರಿಗೆ ಕೇಳಿಸದಂತೆ, “ಆ ಕಲ್ಲನ್ನು ಯಾವ ಜಾಗದಿಂದ ತೆಗೆದಿರಿ, ನೆನಪಿದೆಯೇ? ಅಲ್ಲಿಯೇ ಇಟ್ಟು ಬರಬಹುದೇ?” ಎಂದು ಕೇಳಿದಳು. ಮಗಳ ಮುಖ ಕೆಂಪಾಯಿತು. ಹಿರಿಯರಿಗೆ ಜಾಗ ನೆನಪಾಗಲಿಲ್ಲ. “ನನಗೆ ಗೊತ್ತು ಅಜ್ಜ, ನಾನು ನೋಡಿದ್ದೆ” ಎಂದ ಮೊಮ್ಮಗ.

ಹುಡುಗನ ಈ ಮಾತು ಅವರನ್ನು ಮಾರ್ಗದರ್ಶಿಯ ಮಾತಿಗಿಂತ ಹೆಚ್ಚಾಗಿ ನಾಟಿತು. ಬೆಳಗ್ಗೆ ಅನರ್ಥದಂಡದ ಪಾಠ ಕೇಳಿದವನು ಸಂಜೆ ಪಾಠ ಹೇಳಿದವರ ಕೈಯನ್ನು ಕಂಡಿದ್ದನು; ಕಂಡೂ ಸುಮ್ಮನಿದ್ದನು. ಹುಂಡಿಯ ಒಂದು ಕಾಸಿಗೂ ಲೆಕ್ಕವಿಟ್ಟವರು ಕೊಡದಿದ್ದುದನ್ನು ತೆಗೆದುಕೊಂಡಿದ್ದರು. ಅದತ್ತಾದಾನವೆಂದರೆ ಇದಲ್ಲದೆ ಬೇರೇನು? ಕಲ್ಲಿಗೆ ಬೆಲೆಯಿಲ್ಲ ಎಂಬುದು ಉತ್ತರವಾಗದು. ವ್ರತವು ವಸ್ತುವಿನ ಬೆಲೆಯನ್ನು ಕೇಳುವುದಿಲ್ಲ. ತನಗೆ ಪ್ರಿಯವಾದುದರಿಂದ ತನ್ನದೆಂದು ಭಾವಿಸಿದ್ದೇ ದೋಷದ ಬೀಜ.

ಅಜ್ಜನೂ ಮೊಮ್ಮಗನೂ ಮತ್ತೆ ಮೇಲಕ್ಕೆ ಹತ್ತಿದರು. ಹುಡುಗ ತೋರಿಸಿದ ಜಾಗದಲ್ಲಿ ಕಲ್ಲಿನಷ್ಟೇ ಆಕಾರದ ಒಂದು ಚಿಕ್ಕ ತೇವದ ಗುಂಡಿ ಇತ್ತು. ಅದರಲ್ಲಿ ಎಳೆಯ ಪಾಚಿಯ ಒಂದು ಎಸಳು. ಹಿರಿಯರು ಬಾಗಿ, ಪಾಚಿಗೆ ತಾಗದಂತೆ, ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿಸಿ ಇಟ್ಟರು. ಪ್ರತಿಕ್ರಮಣವೆಂಬ ಪದಕ್ಕೆ ಹಿಂದಕ್ಕೆ ಹೆಜ್ಜೆಯಿಡುವುದೆಂದು ಅರ್ಥ. ಆ ಪಾಠಗಳನ್ನು ಅವರು ಜೀವಮಾನವಿಡೀ ಓದಿದ್ದರು; ಕಾಲುಗಳಿಂದ ಅದನ್ನು ಮಾಡಿದ್ದು ಅದೇ ಮೊದಲು. ಇಳಿಯುತ್ತಾ ಅವರಿಗೆ ಇನ್ನೊಂದು ಸಂಗತಿ ಹೊಳೆಯಿತು. ಈ ಕಲ್ಲನ್ನು ಮರಳಿ ಇಡಬಹುದು. ಗುಡ್ಡವನ್ನು ಕಡಿದು ಮಾರಿದ ಮೇಲೆ ಯಾವ ಜಾಗಕ್ಕೆ ಏನನ್ನು ಮರಳಿ ಇಡುವುದು?

ಊರಿಗೆ ಮರಳಿದ ಬಳಿಕ ಸಭೆ ಸೇರಿತು. ಹಿರಿಯರು ಕರಾರಿಗೆ ತಮ್ಮ ಸಮ್ಮತಿಯನ್ನು ಹಿಂದೆಗೆದುಕೊಂಡು, ಕಲ್ಲಿನ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಶ್ರಾವಕಾಚಾರದ ಪರಂಪರೆಯಲ್ಲಿ ಎಣಿಸುವ ಹದಿನೈದು ಖರಕರ್ಮಗಳಲ್ಲಿ ನೆಲವನ್ನು ಒಡೆಯುವ ಸ್ಫೋಟಜೀವಿಕೆಯೂ ಒಂದೆಂದು ನೆನಪಿಸಿದರು. ಒಡೆಯುವವರು ಬೇರೆಯವರಾದರೂ ಬಾಡಿಗೆಯನ್ನು ಪಡೆಯುವ ಕೈ ಅದರಲ್ಲಿ ಪಾಲುದಾರನೇ ಎಂದರು. ಒಬ್ಬ ಸದಸ್ಯರು ಎದ್ದು, “ವಿಮಾನದಲ್ಲಿ ಸಾವಿರಾರು ಮೈಲಿ ಹಾರಿ ಬಂದವರು ಗುಡ್ಡದ ಹಿಂಸೆಯನ್ನು ಹೇಳುವುದು ಸರಿಯೇ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೆಂದು ಹಿರಿಯರು ಒಪ್ಪಿಕೊಂಡರು. ಇನ್ನು ಮುಂದೆ ದಿಗ್ವ್ರತದ ಎಲ್ಲೆಯನ್ನು ಹಾಕಿಕೊಳ್ಳುವೆನೆಂದರು. ಮತ್ತೊಬ್ಬರು ಮಾಡು ಕುಸಿದರೆ ಹೊಣೆ ಯಾರೆಂದು ಕೇಳಿದರು. ಅದಕ್ಕೆ ಅವರಲ್ಲಿ ಸಿದ್ಧ ಉತ್ತರವಿರಲಿಲ್ಲ. ತಮ್ಮ ಪಿಂಚಣಿಯ ಉಳಿತಾಯದಿಂದ ಒಂದು ಮೊತ್ತವನ್ನು ಜೀರ್ಣೋದ್ಧಾರಕ್ಕೆಂದು ಮೇಜಿನ ಮೇಲಿಟ್ಟು, ನಿರ್ಣಯವನ್ನು ಒಂದು ವರ್ಷ ಮುಂದೂಡಬೇಕೆಂದು ಬೇಡಿಕೊಂಡರು. ಬಹಳ ಚರ್ಚೆಯ ಬಳಿಕ ಸಭೆ ಒಪ್ಪಿತು. ಎಲ್ಲರೂ ಮನಃಪೂರ್ವಕವಾಗಿ ಒಪ್ಪಿದರೆಂದು ಹೇಳಲಾಗದು.

ಆ ಮಳೆಗಾಲವೂ ಬಸದಿಯ ಮಾಡಿನ ಮೇಲೆ ಟಾರ್ಪಾಲು ಹೊದೆಸಿಯೇ ಕಳೆಯಿತು. ಮನೆಮನೆಗಳಿಂದ ದೇಣಿಗೆ ಮೆಲ್ಲನೆ ಬರತೊಡಗಿತು. ಗುಡ್ಡದ ಬುಡದ ಒರತೆಯಿಂದ ಅಭಿಷೇಕಕ್ಕೆ ನೀರು ಎಂದಿನಂತೆ ಬರುತ್ತಿದೆ. ನಮ್ಮ ಟ್ರಸ್ಟುಗಳ ಕೈಯಲ್ಲಿರುವ ಗುಡ್ಡ, ಕೆರೆ, ಬನಗಳನ್ನು ಹಿಂದಿನವರು ದಾನವಾಗಿ ಕೊಟ್ಟರು, ಕೊಟ್ಟದ್ದು ಕಾಯುವುದಕ್ಕೆ. ಅವುಗಳ ಮೇಲೆ ಸಹಿ ಹಾಕುವ ಮುನ್ನ ಒಂದು ಹಗಲು ಒಂದು ರಾತ್ರಿಯ ಮೌನವನ್ನಾದರೂ ಪಾಲಿಸುವುದು ನಮ್ಮೆಲ್ಲರಿಗೂ ಸಾಧ್ಯವಾಗಲಿ.